ಅರ್ಧ ಹಕ್ಕಿ

ಪ್ರಶ್ನೆ: ನಾವು ಕೊಯಮತ್ತೂರು ಜಿಲ್ಲೆಯ ಸಿರುಮುಗೈ ಕಡೆಯವರು, ಮನೆಮಾತು ಕನ್ನಡ. ಅಜ್ಜಿಯ ಟ್ರಂಕಿನಲ್ಲಿ ಜಲವರ್ಣದ ಹಕ್ಕಿಯ ಚಿತ್ರವೊಂದು ಸಿಕ್ಕಿದೆ. ಎದೆಯ ಹತ್ತಿರ ಗೆರೆ ಹೊಡೆದಂತೆ ನಿಂತುಹೋಗಿದೆ, ಪೂರ್ತಿ ಬಿಡಿಸಿಲ್ಲ. ಟಿಪ್ಪು ಕಾಲದಲ್ಲಿ ಅರಮನೆಯಿಂದ ಬಂದದ್ದು ಎನ್ನುತ್ತಾರೆ ಅಜ್ಜಿ. ನಿಜವೇ?

ಉತ್ತರ: ನೀವು ಕಳಿಸಿದ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಕೊಕ್ಕಿನ ಕೆಂಪು ತೆಳುವಾದ ಕಡೆ ಅಚ್ಚಾದ ಸಣ್ಣ ಚೌಕಗಳು ಇಣುಕುತ್ತಿವೆ. ರೆಕ್ಕೆಯ ಅಂಚು ಬಾಗಿ ಇಳಿದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳಿದಿದೆ. ಗೋಡೆಗೆ ತೂಗುಹಾಕಲು ಬರೆದ ಚಿತ್ರ ಹೀಗಿರುವುದಿಲ್ಲ. ಇದು ಮಗ್ಗದ ನಕ್ಷೆ ಎಂದೇ ನನ್ನ ಅನುಮಾನ.

ಎದೆಯ ಹತ್ತಿರದ ಆ ಗೆರೆಯ ಮೇಲೆ ಒಂದು ಕನ್ನಡಿ ನಿಲ್ಲಿಸಿ ನೋಡಿ: ಗಂಡಭೇರುಂಡ! ಎರಡು ಕಡೆಯೂ ಒಂದೇ ತೆರನಾದ ಹಕ್ಕಿಗೆ ಅರ್ಧ ನಕ್ಷೆ ಸಾಕು, ಉಳಿದರ್ಧವನ್ನು ಮಗ್ಗಕ್ಕೆ ಕಟ್ಟಿದ ಜಕಾರ್ಡ್ ಯಂತ್ರದ ದಾರಗಳೇ ತಿರುವಿ ಮೂಡಿಸುತ್ತವೆ. ಅಡ್ಡಕ್ಕೆ ಒಂದೊಂದು ಚೌಕವೂ ಹಾಸಿನ ಎಳೆಯ ಲೆಕ್ಕ, ಉದ್ದಕ್ಕೆ ಹೊಕ್ಕಿನ ಲೆಕ್ಕ. ಅದನ್ನು ನೋಡಿಕೊಂಡೇ ಆ ಯಂತ್ರದ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಾರೆ.

ಟಿಪ್ಪು ಕಾಲದ್ದೆಂಬ ಮಾತು ಬೀಳುವುದು ಇಲ್ಲಿಯೇ. ಅವನು ತೀರಿಕೊಂಡದ್ದು 1799ರಲ್ಲಿ. ಫ್ರಾನ್ಸಿನ ಜಕಾರ್ಡ್ ತನ್ನ ಯಂತ್ರ ಮಾಡಿದ್ದು 1804ರ ಸುಮಾರಿಗೆ. ಅದು ನಮ್ಮ ಕೈಮಗ್ಗಗಳಿಗೆ ಬರಲು ಇನ್ನೂ ಬಹಳ ಕಾಲ ಹಿಡಿಯಿತು. ಹಾಗೆಂದು ಅಜ್ಜಿಯ ಮಾತನ್ನು ತಳ್ಳಿಹಾಕಬೇಡಿ. 1799ರವರೆಗೆ ಕೊಯಮತ್ತೂರು ಸೀಮೆ ಮೈಸೂರಿನದೇ ಆಗಿತ್ತು. ರೇಷ್ಮೆಯ ಊರಾದ ಕೊಳ್ಳೇಗಾಲವಂತೂ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಗಂಡಭೇರುಂಡ ಮೈಸೂರು ಒಡೆಯರ ಲಾಂಛನ. ಚಿತ್ರದ ಗುರುತು ಅರಮನೆಯದೆಂದು ಯಾರೋ ಹೇಳಿದ್ದು, ಎರಡು ತಲೆಮಾರು ಕಳೆಯುವಷ್ಟರಲ್ಲಿ ಚಿತ್ರವೇ ಅರಮನೆಯದೆಂದು ಆಗಿರಬಹುದು. (ಆ ಹಕ್ಕಿಯೇನೂ ಒಡೆಯರ ಸ್ವತ್ತಲ್ಲ, ಬಳ್ಳಿಗಾವೆಯಲ್ಲಿ 1047ರ ಗಂಡಭೇರುಂಡ ಕಂಬವೇ ಇದೆ.)

ಸಿರುಮುಗೈಯಲ್ಲಿ ಕನ್ನಡ ಮಾತಾಡುವ ದೇವಾಂಗ ನೇಕಾರರಿಗೆ ಕೊರತೆಯಿಲ್ಲ. ವಯಸ್ಸಾದ ಒಬ್ಬರಿಗೆ ಇದನ್ನು ತೋರಿಸಿ. ನನಗಿಂತ ಬೇಗ ಹೇಳಿಯಾರು. ಲ್ಯಾಮಿನೇಟ್ ಮಾತ್ರ ಮಾಡಿಸಬೇಡಿ, ಸೆಲ್ಲೊಟೇಪೂ ಬೇಡ. ಅಜ್ಜಿ ಹೇಳಿದ್ದನ್ನು ಬೇರೆ ಹಾಳೆಯಲ್ಲಿ, ಅವರದೇ ಮಾತಿನಲ್ಲಿ ಬರೆದು ಜೊತೆಗಿಡಿ. ಅದೇ ಟ್ರಂಕಿನಲ್ಲಿ ಹಳೆಯ ಸೀರೆಗಳಿದ್ದರೆ ಸೆರಗು ಬಿಡಿಸಿ ಇದೇ ಹಕ್ಕಿ ಇದೆಯೇ ನೋಡಿ. ರೆಕ್ಕೆಯ ಮೆಟ್ಟಿಲುಗಳ ಲೆಕ್ಕ ಎರಡರಲ್ಲೂ ಒಂದೇ ಬಂದರೆ ಬೇರೆ ದಾಖಲೆ ಹುಡುಕಬೇಕಾಗಿಲ್ಲ.