ಕನ್ಸರ್ವೇಟರಿಗೆ ಕಂಬಳಿ

ಇಂಗ್ಲೆಂಡಿಗೆ ಬಂದು ನೆಲೆಸಿದ ನಮ್ಮವರು ಮನೆ ಕೊಳ್ಳಲು ಹೊರಡುವುದು ಹೆಚ್ಚಾಗಿ ಬೇಸಿಗೆಯಲ್ಲಿ. ಹಿತ್ತಿಲ ಕಡೆ ಮನೆಗೆ ಅಂಟಿಕೊಂಡ ಗಾಜಿನ ಕೋಣೆ, ಒಳಗೆ ಬೆತ್ತದ ಕುರ್ಚಿ, ಕುರ್ಚಿಯ ಮೇಲೆ ಬಿಸಿಲು. ಇಲ್ಲಿ ಕಾಫಿ, ಆ ಮೂಲೆಯಲ್ಲಿ ಕರಿಬೇವು, ಈ ಮೂಲೆಯಲ್ಲಿ ತುಳಸಿ ಎಂದು ನಿಂತಲ್ಲೇ ಮನಸ್ಸು ಸಂಸಾರ ಹೂಡುತ್ತದೆ. ನಾವೂ ಹಾಗೇ ಹೂಡಿದವರು. ಡಿಸೆಂಬರಿನಲ್ಲಿ ಆ ಕೋಣೆಯ ಬಾಗಿಲು ಹಾಕಿದ್ದು, ಮತ್ತೆ ತೆಗೆದದ್ದು ಮಾರ್ಚಿನಲ್ಲೇ. ಅಷ್ಟರಲ್ಲಿ ಕರಿಬೇವು ಎಲೆಯೆಲ್ಲ ಉದುರಿಸಿ ಕಡ್ಡಿಯಾಗಿ ನಿಂತಿತ್ತು.

ಲಾಲ್‌ಬಾಗಿನ ಗಾಜಿನಮನೆ ನೋಡಿ ಬೆಳೆದ ನಮಗೆ ಗಾಜಿನ ಸೂರಿಗೂ ಚಳಿಗೂ ಸಂಬಂಧವಿದೆ ಎಂದು ಹೊಳೆಯುವುದಿಲ್ಲ. 1889ರಲ್ಲಿ ಅಡಿಗಲ್ಲು ಬಿದ್ದ ಆ ಕಟ್ಟಡಕ್ಕೆ ಮಾದರಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್. ಅದನ್ನು ರೂಪಿಸಿದ ಜೋಸೆಫ್ ಪ್ಯಾಕ್ಸ್‌ಟನ್ ಅದಕ್ಕೂ ಮೊದಲು ಚಾಟ್ಸ್‌ವರ್ತ್‌ನಲ್ಲಿ ಭಾರೀ ಕನ್ಸರ್ವೇಟರಿಯೊಂದನ್ನು ಕಟ್ಟಿದ್ದ. ಅದನ್ನು ಬೆಚ್ಚಗಿಡಲು ನೆಲದಡಿ ಎಂಟು ಬಾಯ್ಲರುಗಳು, ಸುಮಾರು 11 ಕಿಲೋಮೀಟರ್ ಬಿಸಿನೀರಿನ ಕೊಳವೆ. ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲು ಸಿಗದೆ ಒಳಗಿನ ಗಿಡಗಳು ಸತ್ತವು. 1920ರಲ್ಲಿ ಕಟ್ಟಡವನ್ನೇ ಕೆಡವಿದರು. ನಮ್ಮ ಹಿತ್ತಿಲ ಕೋಣೆಯೂ ಅದೇ ವಂಶದ್ದು. ಹೀಟರ್ ಕೊಳ್ಳುವ ಮೊದಲು ಕಾವು ಎಲ್ಲಿಂದ ಸೋರುತ್ತಿದೆ ಎಂದು ನೋಡಬೇಕು. ಕೆಳಗಿನ ಕೆಲಸಗಳನ್ನು ಇದೇ ಕ್ರಮದಲ್ಲಿ ಮಾಡಿ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಸರಿಯುವುದರೊಳಗೆ ಮುಗಿದರೆ ಒಳ್ಳೆಯದು.

ನಡುಬಾಗಿಲು ಕೀಳಬೇಡಿ

ಮನೆಗೂ ಕನ್ಸರ್ವೇಟರಿಗೂ ನಡುವಿನ ಬಾಗಿಲು ಕಿತ್ತರೆ ಹಾಲ್ ದೊಡ್ಡದಾಗುತ್ತದೆ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಕಿತ್ತರೆ ಇಡೀ ಮನೆಯ ಕಾವು ಗಾಜಿನ ಮೂಲಕ ಹೊರಗೆ ಹೋಗುತ್ತದೆ. ಕಾನೂನಿನ ತೊಡಕೂ ಇದೆ. ಇಂಗ್ಲೆಂಡಿನಲ್ಲಿ 30 ಚದರ ಮೀಟರಿಗಿಂತ ಚಿಕ್ಕದಾದ, ನೆಲಮಟ್ಟದ ಕನ್ಸರ್ವೇಟರಿಗೆ ಸಾಮಾನ್ಯವಾಗಿ ಬಿಲ್ಡಿಂಗ್ ರೆಗ್ಯುಲೇಷನ್ಸ್‌ನಿಂದ ವಿನಾಯಿತಿ ಉಂಟು. ಆದರೆ ಆ ಬಾಗಿಲು ಹೊರಬಾಗಿಲಿನಷ್ಟೇ ಗಟ್ಟಿಯಾಗಿರಬೇಕು, ಕೋಣೆಯ ಹೀಟಿಂಗ್ ಮನೆಯದರಿಂದ ಬೇರೆಯಾಗಿ ನಿಯಂತ್ರಣದಲ್ಲಿರಬೇಕು. ಮನೆಯ ರೇಡಿಯೇಟರ್ ಪೈಪನ್ನು ಹಾಗೇ ಒಳಕ್ಕೆ ಎಳೆದರೆ ವಿನಾಯಿತಿ ಕೈತಪ್ಪಬಹುದು. ಮುಂದೆ ಮನೆ ಮಾರುವಾಗ ಕೊಳ್ಳುವವರ ವಕೀಲರು ಇದನ್ನು ಬಿಡದೆ ಕೇಳುತ್ತಾರೆ.

ಊದುಬತ್ತಿ ಪರೀಕ್ಷೆ

ಗಾಳಿ ಬೀಸುವ ದಿನ ಒಂದು ಊದುಬತ್ತಿ ಹಚ್ಚಿ ಕಿಟಕಿ ಚೌಕಟ್ಟು, ಬಾಗಿಲ ಅಂಚು, ಕೋಣೆ ಮನೆಯ ಗೋಡೆಗೆ ಕೂಡುವ ಜಾಗ, ಇವುಗಳ ಗುಂಟ ನಿಧಾನವಾಗಿ ಸಾಗಿಸಿ. ಹೊಗೆ ಎಲ್ಲಿ ವಾಲುತ್ತದೋ ಅಲ್ಲಿ ಸಂದಿಯಿದೆ. ತೆರೆಯುವ ಕಡೆ ರಬ್ಬರ್ ಪಟ್ಟಿ, ತೆರೆಯದ ಕಡೆ ಸಿಲಿಕೋನ್ ಹಾಕಿ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಫಲ ಕೊಡುವ ಕೆಲಸ ಇನ್ನೊಂದಿಲ್ಲ. ಆದರೆ ಕಿಟಕಿಯ ಮೇಲ್ಭಾಗದಲ್ಲಿರುವ ಗಾಳಿಕಂಡಿಗಳನ್ನು ಮುಚ್ಚಬೇಡಿ. ಅವು ತೇವ ಹೊರಹೋಗಲೆಂದೇ ಇರುವವು.

ಮೇಲೆ, ಸುತ್ತ, ಕೆಳಗೆ

ಬಿಸಿಗಾಳಿ ಮೇಲೇರಿ ಸೂರಿಗೆ ತಗಲುತ್ತದೆ. ಹಳೆಯ ಕನ್ಸರ್ವೇಟರಿಗಳ ಸೂರು ತೆಳುವಾದ ಪಾಲಿಕಾರ್ಬೊನೇಟ್ ಹಾಳೆ. ಅಗ್ಗದ ಉಪಾಯವೆಂದರೆ ಹಸಿರುಮನೆಗಳಿಗೆಂದೇ ಮಾರುವ ಗುಳ್ಳೆ ಪ್ಲಾಸ್ಟಿಕ್ಕನ್ನು ಒಳಗಿನಿಂದ ಅಂಟಿಸುವುದು. ನೋಡಲು ಚೆನ್ನಾಗಿರುವುದಿಲ್ಲ, ಕೆಲಸ ಮಾತ್ರ ಮಾಡುತ್ತದೆ. ಸ್ವಲ್ಪ ಹೆಚ್ಚು ಖರ್ಚಾದರೂ ಪರವಾಗಿಲ್ಲ ಎನ್ನುವವರಿಗೆ ಜೇನುಗೂಡಿನಂಥ ಮಡಿಕೆಯ ಬ್ಲೈಂಡ್‌ಗಳಿವೆ. ಮಡಿಕೆಯೊಳಗೆ ಸಿಕ್ಕಿಬಿದ್ದ ಗಾಳಿಯೇ ಅಲ್ಲಿ ಹೊದಿಕೆ. ಸೂರನ್ನೇ ತೆಗೆದು ಹೆಂಚಿನ ಗಟ್ಟಿ ಸೂರು ಹಾಕಿಸುವುದು ಸಾವಿರಾರು ಪೌಂಡಿನ ಬಾಬತ್ತು. ಅದಕ್ಕೆ ಬಿಲ್ಡಿಂಗ್ ಕಂಟ್ರೋಲ್ ಒಪ್ಪಿಗೆ ಬೇಕು, ಚೌಕಟ್ಟು ಆ ಭಾರ ಹೊರುತ್ತದೆಯೇ ಎಂಬ ಲೆಕ್ಕವೂ ಬೇಕು. ಇರುವ ಹಾಳೆಯ ಕೆಳಗೇ ಫಾಯಿಲ್ ಹೊಡೆದು, ಪ್ಲಾಸ್ಟಿಕ್ ಹಲಗೆ ಮುಚ್ಚಿ ಎರಡೇ ದಿನದಲ್ಲಿ ಕೆಲಸ ಮುಗಿಸುತ್ತೇವೆ ಎನ್ನುವವರ ಮಾತಿಗೆ ಬೇಗ ತಲೆಯಾಡಿಸಬೇಡಿ. ತೇವ ನಡುವೆ ಸಿಕ್ಕಿಕೊಂಡರೆ ಬೂಷ್ಟು ಕಣ್ಣಿಗೆ ಕಾಣದೆ ಬೆಳೆಯುತ್ತದೆ.

ನೆಲಕ್ಕೆ ದಪ್ಪ ಜಮಖಾನ. ಕಿಟಕಿಗಳಿಗೆ ಪರದೆ ಹಾಕಿದರೆ ಸಾಲದು, ಹೊತ್ತು ನೋಡಿ ಎಳೆಯಬೇಕು. ಡಿಸೆಂಬರ್ 21ರ ನಡುಹಗಲಲ್ಲೂ ಲಂಡನ್ನಿನಲ್ಲಿ ಸೂರ್ಯ ದಿಗಂತದಿಂದ ಬರೀ 15 ಡಿಗ್ರಿ ಮೇಲಿರುತ್ತಾನೆ. ಅದೇ ದಿನ ಬೆಂಗಳೂರಿನಲ್ಲಿ 53 ಡಿಗ್ರಿ ದಾಟಿರುತ್ತಾನೆ. ಹೀಗೆ ಕೆಳಗಿರುವುದರಿಂದಲೇ ದಕ್ಷಿಣಕ್ಕೆ ಮುಖ ಮಾಡಿದ ಕೋಣೆಯಲ್ಲಿ ಬಿಸಿಲು ಹಿಂದಿನ ಗೋಡೆಯವರೆಗೂ ಚಾಚುತ್ತದೆ. ಬೆಳಿಗ್ಗೆ ಪರದೆ ಪೂರ್ತಿ ಸರಿಸಿ ಆ ಕಾವನ್ನು ಒಳಗೆ ಬಿಟ್ಟುಕೊಳ್ಳಿ. ನಾಲ್ಕು ಗಂಟೆಗೆ ಮೊದಲೇ ಹೊತ್ತು ಮುಳುಗುತ್ತದೆ, ಮೂರೂವರೆಗೆಲ್ಲ ಎಳೆದುಬಿಡಿ. ಉತ್ತರಕ್ಕೆ ಮುಖ ಮಾಡಿದ ಕೋಣೆಯವರಿಗೆ ಈ ಭಾಗ್ಯವಿಲ್ಲ.

ಈಗ ಹೀಟರ್

ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದದ ಹಳೆಯ ಡಬಲ್ ಗ್ಲೇಜಿಂಗ್ ಕೋಣೆಯೊಂದನ್ನು ತೆಗೆದುಕೊಳ್ಳಿ. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಅದು ಸುಮಾರು 110 ವಾಟ್ ಕಳೆದುಕೊಳ್ಳುತ್ತದೆ. ಅದರಲ್ಲಿ ಮೂರನೇ ಒಂದು ಪಾಲು ಸೂರಿನ ಮೂಲಕವೇ. ಹೊರಗೆ 3 ಡಿಗ್ರಿ, ಒಳಗೆ 18 ಬೇಕೆಂದರೆ 15 ಡಿಗ್ರಿ ವ್ಯತ್ಯಾಸ, ಅಂದರೆ 1,650 ವಾಟ್. ಎರಡು ಕಿಲೋವಾಟಿನ ಹೀಟರ್ ಸಾಕು. ನಾಲ್ಕು ಗಂಟೆ ಉರಿಸಿದರೆ ಆರೂವರೆ ಯೂನಿಟ್. ಯೂನಿಟ್ಟಿಗೆ 25 ಪೆನ್ಸ್ ಎಂದರೂ ದಿನಕ್ಕೆ ಒಂದೂವರೆ ಪೌಂಡ್‌ಗಿಂತ ಹೆಚ್ಚು, ತಿಂಗಳಿಗೆ ಐವತ್ತರ ಹತ್ತಿರ. ಇದು ಅಂದಾಜಿನ ಲೆಕ್ಕವೇ. ಆದರೂ ಇಡೀ ರಾತ್ರಿ ಉರಿಸುವುದು ಏಕೆ ಮೂರ್ಖತನ ಎಂದು ತಿಳಿಯಲು ಇಷ್ಟು ಸಾಕು.

ಎಣ್ಣೆ ತುಂಬಿದ ರೇಡಿಯೇಟರ್ ಇರಲಿ, ಫ್ಯಾನ್ ಹೀಟರ್ ಇರಲಿ, ಒಂದು ಯೂನಿಟ್ ಕರೆಂಟಿಗೆ ಒಂದು ಯೂನಿಟ್ ಕಾವನ್ನೇ ಕೊಡುತ್ತವೆ. ಡಬ್ಬಿಯ ಮೇಲೆ ಏನೇ ಬರೆದಿದ್ದರೂ ಅಷ್ಟೇ. ಒಂದು ಗಂಟೆ ಕೂತು ಓದುವವರಿಗೆ ಇನ್‌ಫ್ರಾರೆಡ್ ಹಲಗೆ ಸರಿ, ಏಕೆಂದರೆ ಅದು ಗಾಳಿಗಿಂತ ಮೊದಲು ಕೂತವರ ಮೈಯನ್ನು ಕಾಯಿಸುತ್ತದೆ. ಸಂಜೆಯೆಲ್ಲ ಅಲ್ಲೇ ಕಳೆಯುವವರಿಗೆ ಥರ್ಮೋಸ್ಟ್ಯಾಟ್, ಟೈಮರ್ ಇರುವ ಎಣ್ಣೆ ರೇಡಿಯೇಟರ್. ಅದನ್ನೇ ಆಫೀಸು ಮಾಡಿಕೊಂಡು ದಿನವಿಡೀ ಕೂರುವವರು ಬೇಸಿಗೆಯಲ್ಲಿ ತಂಪನ್ನೂ ಕೊಡುವ ಎ.ಸಿ. ಮಾದರಿಯ ಹೀಟ್ ಪಂಪ್ ಹಾಕಿಸಬಹುದು. ಒಂದು ಯೂನಿಟ್ಟಿಗೆ ಸುಮಾರು ಮೂರರಷ್ಟು ಕಾವು ಕೊಡುತ್ತದೆ.

ಸಿಲಿಂಡರ್ ಗ್ಯಾಸ್ ಹೀಟರ್ ಮಾತ್ರ ಬೇಡವೇ ಬೇಡ. ಸಂದಿಗಳನ್ನೆಲ್ಲ ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಪ್ರಾಣ ತೆಗೆಯಬಲ್ಲದು. ಮೇಲಾಗಿ ಒಂದು ಕಿಲೋ ಗ್ಯಾಸ್ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರಾವಿ ಬಿಡುತ್ತದೆ, ಅದೆಲ್ಲ ಗಾಜಿನ ಮೇಲೆ ಇಳಿಯುತ್ತದೆ. ಒಗೆದ ಬಟ್ಟೆಯನ್ನು ಅಲ್ಲಿ ಒಣಹಾಕಿದರೂ ಇದೇ ಕಥೆ. ಬೆಳಿಗ್ಗೆ ಗಾಜು ಬೆವರಿದ್ದರೆ ಒರೆಸಿ, ಹತ್ತು ನಿಮಿಷ ಕಿಟಕಿ ತೆರೆಯಿರಿ.

ಕರಿಬೇವಿನ ಸಮಾಚಾರ

ರಾತ್ರಿ ಕೋಣೆಯೊಳಗೆ 10 ಡಿಗ್ರಿಗಿಂತ ಕೆಳಗಿಳಿಯತೊಡಗಿದರೆ ಕುಂಡವನ್ನು ಮನೆಯೊಳಗೆ ತನ್ನಿ. ಜಾಗವಿಲ್ಲವೆಂದರೆ ಥರ್ಮೋಕೋಲ್ ತುಂಡಿನ ಮೇಲೆ ಇಟ್ಟು, ಎಲೆ ಗಾಜಿಗೆ ತಾಗದಂತೆ ನೋಡಿಕೊಳ್ಳಿ. ನೀರು ಬಹಳ ಕಡಿಮೆ. ಚಳಿಯಲ್ಲಿ ಕರಿಬೇವು ಸಾಯುವುದು ಹೆಚ್ಚಾಗಿ ಒದ್ದೆ ಬೇರಿನಿಂದ. ತುಳಸಿಗೆ ಇಷ್ಟು ತಾಳ್ಮೆಯೂ ಇಲ್ಲ, ಅದಕ್ಕೆ ಅಡುಗೆಮನೆಯ ಕಿಟಕಿಯೇ ಗತಿ. ಎಲೆ ಪೂರ್ತಿ ಉದುರಿದರೂ ಕಡ್ಡಿಯನ್ನು ಎಸೆಯಬೇಡಿ. ಉಗುರಿನಿಂದ ತೊಗಟೆ ಗೀರಿ ನೋಡಿ. ಒಳಗೆ ಹಸಿರಿದ್ದರೆ ಮೇ ತಿಂಗಳವರೆಗೆ ಕಾಯಿರಿ. ನಮ್ಮದು ಮೇ ಮೂರನೇ ವಾರದಲ್ಲಿ ಬುಡದಿಂದ ಚಿಗುರಿತು.