ಫೈಬರ್‌ಗೆ ಬದಲಾಗುವ ಮುನ್ನ

ಹಳೆಯ ತಾಮ್ರದ ತಂತಿಯ ಇಂಟರ್ನೆಟ್ ಬಿಟ್ಟು ಫೈಬರ್ ಹಾಕಿಸಿಕೊಳ್ಳುವ ಯೋಚನೆಯೇ? ಒಳ್ಳೆಯದೇ. ಆದರೆ ಮೊದಲು ಅಕ್ಕಪಕ್ಕದ ಮನೆಯವರನ್ನು ವಿಚಾರಿಸಿ. ಕೇಬಲ್ ತುಂಡಾದರೆ ಯಾವ ಕಂಪನಿಯವರು ಬೇಗ ಬಂದು ಸರಿಮಾಡುತ್ತಾರೆ ಎಂಬುದು ಜಾಹೀರಾತಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಪ್ಲಾನಿನ ದರಕ್ಕೆ ಶೇ 18ರಷ್ಟು ಜಿಎಸ್‌ಟಿ ಸೇರಿಸಿಯೇ ಲೆಕ್ಕ ಹಾಕಿ. ಡೇಟಾ ಮಿತಿ ದಾಟಿದ ಮೇಲೆ ವೇಗ ಎಷ್ಟಕ್ಕೆ ಇಳಿಯುತ್ತದೆ ಎಂದೂ ಕೇಳಿ. 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 100 ಮೆಗಾಬಿಟ್. ಡೌನ್‌ಲೋಡ್ ಆಗುವುದು ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್.

ಬಹಳ ಮಂದಿ ಮರೆಯುವುದು ಕರೆಂಟಿನ ವಿಷಯ. ಹಳೆಯ ಲ್ಯಾಂಡ್‌ಲೈನ್ ಫೋನಿಗೆ ಎಕ್ಸ್‌ಚೇಂಜಿನಿಂದಲೇ ವಿದ್ಯುತ್ ಬರುತ್ತಿತ್ತು. ಕರೆಂಟ್ ಹೋದರೂ ಫೋನ್ ನಡೆಯುತ್ತಿತ್ತು. ಫೈಬರ್ ಗಾಜಿನ ಎಳೆ, ಅದರಲ್ಲಿ ಹರಿಯುವುದು ಬರೀ ಬೆಳಕು. ಮನೆಯೊಳಗಿನ ಮೋಡೆಮ್‌ಗೆ ಕರೆಂಟ್ ಇಲ್ಲದಿದ್ದರೆ ಇಂಟರ್ನೆಟ್ಟೂ ಇಲ್ಲ, ಫೋನೂ ಇಲ್ಲ. ಯುಪಿಎಸ್‌ಗೆ ಜೋಡಿಸಿ, ಇಲ್ಲವೇ ರೂಟರ್‌ಗೆಂದೇ ಸಿಗುವ ಸಣ್ಣ ಬ್ಯಾಕಪ್ ಕೊಳ್ಳಿ.

ಕೇಬಲ್ ಎಳೆಯುವಾಗ ಎದುರಿಗೇ ಇರಿ. ಮೂಲೆಯಲ್ಲಿ ಮಡಚಿ ಮೊಳೆ ಹೊಡೆದರೆ ಬೆಳಕು ಸೋರಿ ಸಿಗ್ನಲ್ ಕುಗ್ಗುತ್ತದೆ. ರೂಟರನ್ನು ಟಿವಿ ಹಿಂದೆ ಅಡಗಿಸದೆ ಮನೆಯ ನಡುಭಾಗದಲ್ಲಿ, ಎತ್ತರದಲ್ಲಿ ಇಡಿಸಿ. ವೈಫೈನ ಮೂಲ ಪಾಸ್‌ವರ್ಡನ್ನು ಅಂದೇ ಬದಲಿಸಿ.

ಹೊಸದು ವಾರವಾದರೂ ಸರಿಯಾಗಿ ನಡೆಯಲಿ. ಆಮೇಲೆ ಹಳೆಯದನ್ನು ಬಿಡಿ. ಬಿಡುವಾಗ ಕಂಪನಿಯ ಮೋಡೆಮ್ ಹಿಂತಿರುಗಿಸಿ ರಸೀದಿ ಪಡೆಯಿರಿ, ಠೇವಣಿ ಇದ್ದರೆ ಕೇಳಿ ವಸೂಲು ಮಾಡಿಕೊಳ್ಳಿ.