ಕೋಟೆಯ ಮಾತುಗಳು



ನಮ್ಮ ಸೀಮೆಯ ಕೋಟೆಗಳು ಪಾಳುಬಿದ್ದು ಬಹು ಕಾಲವಾಯಿತು. ಅವುಗಳ ಗೋಡೆಯ ಮೇಲೆ ಆಡುಗಳು ಮೇಯುತ್ತವೆ. ಆದರೆ ಕೋಟೆಯ ಮಾತುಗಳು ಮಾತ್ರ ನಮ್ಮ ಬಾಯಲ್ಲಿ ಇನ್ನೂ ಜೀವದಿಂದಿರುತ್ತವೆ. ಆನೆಗಳು ಹೊಲಕ್ಕೆ ಲಗ್ಗೆ ಇಟ್ಟವು ಅನ್ನುತ್ತೇವೆ. ಮನೆಗೆ ಕಷ್ಟಗಳು ಮುತ್ತಿಕೊಂಡವು ಅನ್ನುತ್ತೇವೆ. ಅಣ್ಣತಮ್ಮಂದಿರ ನಡುವೆ ಕಂದಕ ಬಿತ್ತು ಅನ್ನುತ್ತೇವೆ. ಈ ಮಾತುಗಳ ಮೂಲಾರ್ಥವೇನು, ಇತರ ವಿಷಯಗಳಿಗೆ ಅವುಗಳನ್ನು ಹೋಲಿಕೆಯಾಗಿ ಉಪಯೋಗಿಸುವಾಗ ಯಾವ ಅರ್ಥವನ್ನು ಹಿಡಿಯಬೇಕು ಎಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

ಮೊದಲು ಮೂಲಾರ್ಥ. ದುರ್ಗವೆಂಬದು ಸಂಸ್ಕೃತ ಪದವು. ಹೋಗುವದಕ್ಕೆ ಕಷ್ಟವಾದ ಸ್ಥಳವೆಂದು ಅದರ ಅರ್ಥ. ದುರ್ಗಮವಾದ ದಾರಿ ಎಂಬ ಮಾತಿನಲ್ಲಿಯೂ ಅದೇ ಭಾವವಿರುವದು. ಆದಕಾರಣ ದುರ್ಗಕ್ಕೆ ಗೋಡೆಯೇ ಮುಖ್ಯವಲ್ಲ. ಬೆಟ್ಟವು ಕಾಪಾಡುವದಾದರೆ ಗಿರಿದುರ್ಗ, ನೀರು ಕಾಪಾಡುವದಾದರೆ ಜಲದುರ್ಗ, ಅಡವಿಯು ಕಾಪಾಡುವದಾದರೆ ವನದುರ್ಗ. ಚಿತ್ರದುರ್ಗವು ಬಂಡೆಬೆಟ್ಟಗಳ ಮೇಲಿರುವದು. ಶ್ರೀರಂಗಪಟ್ಟಣವು ಕಾವೇರಿಯ ಎರಡು ಕವಲುಗಳ ನಡುವೆ ಇರುವದು. ಕೋಟೆ ಎಂಬ ಮಾತಾದರೋ ಮನುಷ್ಯರು ಕಟ್ಟಿದ ಗೋಡೆಯನ್ನೇ ಮುಖ್ಯವಾಗಿ ನೆನಪಿಗೆ ತರುವದು.

ಗೋಡೆಯ ಹೊರಗಡೆ ತೋಡಿದ ಹಳ್ಳಕ್ಕೆ ಅಗಳು ಎಂದು ಹಳೆಯ ಕನ್ನಡ ಹೆಸರುಂಟು. ಅಗೆಯುವದೆಂಬ ಮಾತಿಗೆ ಇದು ಸಂಬಂಧಪಟ್ಟದ್ದು. ಅದನ್ನೇ ನಾವು ಈಗ ಕಂದಕವೆನ್ನುತ್ತೇವೆ. ಈ ಪದವು ಪಾರಸಿ ಮತ್ತು ಅರಬ್ಬೀ ಭಾಷೆಗಳಿಂದ ಬಂದದ್ದು. ಗೋಡೆಯಿಂದ ಮುಂದಕ್ಕೆ ಚಾಚಿಕೊಂಡ ದಪ್ಪ ಭಾಗಕ್ಕೆ ಕನ್ನಡದಲ್ಲಿ ಕೊತ್ತಳವೆಂದೂ ಅರಬ್ಬಿಯಿಂದ ಬಂದ ಮಾತಿನಲ್ಲಿ ಬುರುಜು ಎಂದೂ ಹೇಳುವರು. ಮಂಗಳೂರಿನಲ್ಲಿ ನದಿಯ ದಡದ ಮೇಲೆ ಟೀಪು ಸುಲ್ತಾನನ ಕಾಲದ ಕಲ್ಲಿನ ಕಾವಲುಗೋಪುರವೊಂದುಂಟು. ಅದಕ್ಕೆ ಸುಲ್ತಾನ್ ಬತ್ತೇರಿ ಎಂದು ಹೆಸರು. ಬತ್ತೇರಿ ಎಂಬದು ಫಿರಂಗಿಗಳನ್ನು ಸಾಲಾಗಿ ಇಡುವ ಸ್ಥಳಕ್ಕೆ ಯೂರೋಪಿನವರು ಹೇಳುವ ಮಾತು. ನೋಡಿರಿ, ಒಂದೇ ಗೋಡೆಯ ಸುತ್ತಲೂ ಎಷ್ಟು ದೇಶದವರ ಮಾತುಗಳು ಸೇರಿವೆ! ಯುದ್ಧಮಾಡಿದವರು ಹೋದರು, ಅವರ ಮಾತುಗಳು ಉಳಿದವು.

ಪೇಟೆ ಎಂಬ ಮಾತನ್ನು ಸಹ ಕೋಟೆಯ ಸಂಗಡವೇ ತಿಳಿಯಬೇಕು. ಕೋಟೆಯಲ್ಲಿ ಅರಸನೂ ದಂಡೂ ಇರುವರು. ಪೇಟೆಯಲ್ಲಿ ವರ್ತಕರೂ ಕಸಬಿನವರೂ ಇರುವರು. 1791ನೆಯ ಮಾರ್ಚಿಯಲ್ಲಿ ಕಾರ್ನ್‌ವಾಲಿಸನ ದಂಡು ಬೆಂಗಳೂರಿನ ಪೇಟೆಯನ್ನು ಮೊದಲು ಹಿಡಿಯಿತು. ಕೋಟೆಯನ್ನು ಹಿಡಿಯಲು ಇನ್ನೂ ಎರಡು ವಾರ ಬೇಕಾಯಿತು. ಪೇಟೆಗೂ ಗೋಡೆಯಿತ್ತು, ಆದರೂ ಹೊರಗಿದ್ದವರೇ ಮೊದಲು ಸಿಕ್ಕಿಬಿದ್ದರು.

ಇಲ್ಲಿಯೇ ನಮ್ಮ ಪಾಠದ ಮುಖ್ಯ ಸಂಗತಿ ಇರುವದು. ಪ್ರತಿಯೊಂದು ಕೋಟೆಗೂ ಒಳಮೈ ಹೊರಮೈ ಎಂದು ಎರಡುಂಟು. ಒಳಗಿರುವವನಿಗೆ ಅದು ಕಾವಲು, ಹೊರಗಿರುವವನಿಗೆ ಅದು ತಡೆ. ಆದದರಿಂದ ಕೋಟೆಯ ಮಾತನ್ನು ಹೋಲಿಕೆಯಾಗಿ ಕೇಳಿದಾಗಲೆಲ್ಲಾ ನಾವು ಒಂದು ಪ್ರಶ್ನೆಯನ್ನು ಕೇಳಬೇಕು: ಇದನ್ನು ಹೇಳಿದವನು ಗೋಡೆಯ ಯಾವ ಕಡೆಯಲ್ಲಿ ನಿಂತಿದ್ದಾನೆ?

ಒಳಗೆ ನಿಂತವನ ಮಾತಿಗೆ ನಮ್ಮ ಗಾದೆಯೇ ಸಾಕ್ಷಿ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ದಿಡ್ಡಿಯೆಂದರೆ ಒಬ್ಬೊಬ್ಬನೇ ಬಗ್ಗಿ ಹೋಗತಕ್ಕ ಚಿಕ್ಕ ಬಾಗಿಲು. 1779ರಲ್ಲಿ ಹೈದರಾಲಿಯ ವಶವಾದ ಚಿತ್ರದುರ್ಗಕ್ಕೆ ಏಳು ಸುತ್ತಿನ ಕೋಟೆಯೆಂದು ಹೆಸರು. ಅಷ್ಟು ಗೋಡೆಗಳಿದ್ದರೂ ಬಂಡೆಗಳ ನಡುವಣ ಒಂದು ಕಿಂಡಿಯಿಂದ ಶತ್ರುಗಳು ನುಸುಳಿದರೆಂದೂ ಕಾವಲುಗಾರನ ಹೆಂಡತಿಯಾದ ಓಬವ್ವಳು ಒನಕೆಯಿಂದ ಅವರನ್ನು ತಡೆದಳೆಂದೂ ಜನರು ಹೇಳುವರು. ಎತ್ತರವಾದ ಗೋಡೆಯಿದ್ದರೂ ಎಚ್ಚರವಿಲ್ಲದಿದ್ದರೆ ಪ್ರಯೋಜನವಿಲ್ಲವೆಂಬದೇ ಗಾದೆಯ ತಾತ್ಪರ್ಯ.

ಸತ್ಯವೇದದಲ್ಲಿ ಈ ಎರಡು ಅರ್ಥಗಳೂ ಸಿಕ್ಕುವವು. ಕೀರ್ತನೆಗಳಲ್ಲಿ ದೇವರಿಗೆ ದುರ್ಗ, ಬಂಡೆ, ಕೋಟೆ ಎಂಬ ಹೆಸರುಗಳನ್ನು ಕೊಟ್ಟಿದೆ. ಶತ್ರುವಿಗೆ ತಪ್ಪಿಸಿಕೊಂಡು ಗವಿಗಳಲ್ಲಿಯೂ ಬೆಟ್ಟಗಳಲ್ಲಿಯೂ ಅಡಗಿದ ದಾವೀದನಂಥವರಿಗೆ ಆಶ್ರಯವೆಂದರೆ ಏನೆಂದು ಚೆನ್ನಾಗಿ ಗೊತ್ತಿತ್ತು. ಅಪೊಸ್ತಲನಾದ ಪೌಲನಾದರೋ ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಕೋಟೆಗಳನ್ನು ಕೆಡವಿಹಾಕುವ ಸಂಗತಿಯನ್ನು ಎತ್ತುತ್ತಾನೆ. ಅಲ್ಲಿ ಕೋಟೆಯೆಂದರೆ ಮನುಷ್ಯನ ಗರ್ವದ ವಾದಗಳು. ಒಂದು ಕಡೆ ಆಶ್ರಯ, ಇನ್ನೊಂದು ಕಡೆ ಅಹಂಕಾರ. ಇವೆರಡನ್ನೂ ಒಂದೇ ರೀತಿಯಾಗಿ ಓದುವವನು ಗಲಿಬಿಲಿಗೊಳ್ಳುವನು.

ಅದೇ ಪೌಲನು ಎಫೆಸದವರಿಗೆ ಬರೆಯುವಾಗ ಎರಡು ಜನಾಂಗಗಳ ನಡುವಣ ಅಡ್ಡಗೋಡೆಯು ಬಿದ್ದುಹೋದದ್ದನ್ನು ತಿಳಿಸುತ್ತಾನೆ. ಯೆರೂಸಲೇಮಿನ ದೇವಾಲಯದ ಅಂಗಳದಲ್ಲಿ ಅಂಥ ಅಡ್ಡಗೋಡೆಯು ನಿಜವಾಗಿ ಇತ್ತು. ಅನ್ಯಜನರು ಅದನ್ನು ದಾಟಿದರೆ ಮರಣವೇ ಗತಿಯೆಂದು ಗ್ರೀಕ್ ಭಾಷೆಯಲ್ಲಿ ಎಚ್ಚರಿಸುವ ಕಲ್ಲು 1871ರಲ್ಲಿ ಅಲ್ಲಿ ಸಿಕ್ಕಿತು.

ಇಂಥ ಗೋಡೆಯ ಅರ್ಥವನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಅಸ್ಪೃಶ್ಯರೆನಿಸಿಕೊಂಡವರ ಕೇರಿಗಳು ಊರಿನ ಹೊರಗಡೆ ಇದ್ದವು. ನಮ್ಮಲ್ಲಿ ಅನೇಕರ ಹಿರಿಯರು ಅಲ್ಲಿಯೇ ಹುಟ್ಟಿ ಅಲ್ಲಿಯೇ ಮಣ್ಣಾದರು. ಊರಿನ ಕೋಟೆಯು ಅವರಿಗೆ ಆಶ್ರಯವಾಗಿರಲಿಲ್ಲ. 1950ರಲ್ಲಿ ಜಾರಿಗೆ ಬಂದ ನಮ್ಮ ದೇಶದ ಸಂವಿಧಾನವು ಅಸ್ಪೃಶ್ಯತೆಯನ್ನು ರದ್ದುಮಾಡಿತು. ಆದರೆ ಮನಸ್ಸಿನಲ್ಲಿ ಕಟ್ಟಿದ ಗೋಡೆಯು ಕಾನೂನಿನಿಂದ ಮಾತ್ರವೇ ಬೀಳುವದಿಲ್ಲ. ಹೊರಗೆ ನಿಂತವರ ಮಕ್ಕಳಾದ ನಾವೇ ಒಳಗೆ ಬಂದ ಮೇಲೆ ದಿಡ್ಡಿಯನ್ನು ಮುಚ್ಚುವದುಂಟಲ್ಲವೇ? ಅವನು ಹೊಸಬನು, ಅವಳು ಇಂಥಾ ಕೇರಿಯವಳು ಅನ್ನುತ್ತೇವೆ. ಚಾಪೆಯ ಅಂಚಿನಲ್ಲಿ ಕೂತವನನ್ನು ಮುಂದಕ್ಕೆ ಬಾ ಅನ್ನುವದಿಲ್ಲ. ಕಲ್ಲು ಗಾರೆ ಇಲ್ಲದೆ ಮಾತಿನಿಂದಲೇ ಕಟ್ಟುವ ಕೋಟೆ ಇದು.

ಪ್ರಕಟನೆಯ ಗ್ರಂಥದಲ್ಲಿ ವರ್ಣಿತವಾದ ಪಟ್ಟಣಕ್ಕೂ ಎತ್ತರವಾದ ದೊಡ್ಡ ಗೋಡೆಯುಂಟು. ಆದರೆ ಅದಕ್ಕೆ ನಾಲ್ಕು ದಿಕ್ಕಿಗೂ ಮೂರು ಮೂರರಂತೆ 12 ಬಾಗಿಲುಗಳಿವೆ. ಅವು ಮುಚ್ಚುವದೇ ಇಲ್ಲ. ಕಾವಲೂ ಉಂಟು, ತಡೆಯೂ ಇಲ್ಲ. ಕೋಟೆಯ ಮಾತಿಗೆ ಇದಕ್ಕಿಂತ ಒಳ್ಳೇ ಅರ್ಥವನ್ನು ನಾವು ಕಾಣೆವು.

ಮನೆಯವರು ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು:

1. ದುರ್ಗಕ್ಕೂ ಕೋಟೆಗೂ ಇರುವ ಭೇದವೇನು?

2. ನಿಮ್ಮ ಊರಿನಲ್ಲಿ ಕೋಟೆ, ಅಗಳು, ಬುರುಜು ಎಂಬ ಮಾತುಗಳಿಂದ ಹೆಸರು ಪಡೆದ ಸ್ಥಳಗಳು ಯಾವವು? ಹಿರಿಯರನ್ನು ಕೇಳಿರಿ.

3. ನಾವು ದಿನಾಲು ಆಡುವ ಮಾತುಗಳಲ್ಲಿ ಯಾವದು ಆಶ್ರಯವಾಗಿದೆ, ಯಾವದು ಅಡ್ಡಗೋಡೆಯಾಗಿದೆ?